ಕಾರಿಗೆ ಟೈರ್ ಗಾಳಿ ಸೆನ್ಸರ್ ಹಾಕಿಸುವುದಾದರೆ ಮೊದಲು ವಾಲ್ವ್ ನೋಡಿ

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಸಾಮಾನ್ಯವಾಗಿ ಗಾಳಿ ಒಮ್ಮೆಲೇ ಹೋಗುವುದಿಲ್ಲ. ರಬ್ಬರ್ ಮೊಳೆಯನ್ನು ಕಚ್ಚಿ ಹಿಡಿದುಕೊಂಡು ದಿನಕ್ಕೆ ಒಂದೆರಡು ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ) ಬಿಡುತ್ತಾ ಹೋಗುತ್ತದೆ. ಅನುಕೂಲ ಅದೇ, ಅಪಾಯವೂ ಅದೇ. 33 ಇರಬೇಕಾದ ಟೈರು 25ಕ್ಕೆ ಇಳಿದಿದ್ದರೂ ನಿಂತ ಕಾರನ್ನು ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಅದೇ ಟೈರಿನ ಮೇಲೆ ಐದು ಜನ, ಡಿಕ್ಕಿ ತುಂಬ ಲಗೇಜು ಹೇರಿಕೊಂಡು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ, ಬಿಚ್ಚಿ, ಕಾದು ಹೋಗುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿದಾಗ ‘ಗಾಳಿ ಜಾಸ್ತಿ ಆಗಿತ್ತು’ ಅನ್ನುವವರೇ ಹೆಚ್ಚು. ಗಾಳಿ ಕಡಿಮೆಯಾಗಿಯೇ ಟೈರು ಕಾದು ಸಿಡಿಯುತ್ತದೆ ಅನ್ನುವುದನ್ನು ನಂಬಿಸುವುದೇ ಕಷ್ಟ.

ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಕಿತ್ತುಬಂದು ಕಾರುಗಳು ಮಗುಚಿದ ಗದ್ದಲದ ನಂತರ 2000ದಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಿಗೂ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ, ಅಂದರೆ ಟಿಪಿಎಂಎಸ್, ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ. ನಮ್ಮಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮಕ್ಕೆ ಮಾಡಿದ ತಿದ್ದುಪಡಿ ಬೇರೆ ಥರದ್ದು: ಮೂರೂವರೆ ಟನ್ ಒಳಗಿನ ವಾಹನಕ್ಕೆ ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ಪಂಕ್ಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ. ಹಾಗಾಗಿ ಇಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ದುಬಾರಿ ವೇರಿಯಂಟಿಗೆ ಮಾತ್ರ ಸೆನ್ಸರ್ ಸಿಗುತ್ತದೆ, ಉಳಿದವರು ಹೊರಗಿನಿಂದ ಹಾಕಿಸಿಕೊಳ್ಳಬೇಕು. ಆ ಕೆಲಸ ಹೇಗೆ ಅನ್ನುವುದು ಈ ಲೇಖನ. ಅಂಗಡಿಗೆ ಹೋದವರು ಡಿಸ್‌ಪ್ಲೇ ಎಷ್ಟು ಚೆನ್ನಾಗಿದೆ ಎಂದು ನೋಡುತ್ತಾರೆ. ಕೆಲಸ ಸರಿಯಾಗುವುದೂ ಕೆಡುವುದೂ ವಾಲ್ವ್ ಹತ್ತಿರ, ಅಂದರೆ ಟೈರಿಗೆ ಗಾಳಿ ಹಾಕುವ ಮೂತಿಯ ಹತ್ತಿರ.

ಹೆಜ್ಜೆ 1: ಈಗಾಗಲೇ ಏನಿದೆ ನೋಡಿಕೊಳ್ಳಿ

ಕೀ ಆನ್ ಮಾಡಿದಾಗ ಮೀಟರ್ ಬೋರ್ಡಿನಲ್ಲಿ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುತ್ತವೆ. ಆಗ ಕುದುರೆ ಲಾಳದಂಥ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪ ಕಂಡರೆ ನಿಮ್ಮ ಕಾರಿನಲ್ಲಿ ಟಿಪಿಎಂಎಸ್ ಆಗಲೇ ಇದೆ. ಅದರಲ್ಲೂ ಎರಡು ಬಗೆ. ಕೆಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರ್ ಇರುವುದೇ ಇಲ್ಲ. ಗಾಳಿ ಕಡಿಮೆಯಾದ ಚಕ್ರದ ಸುತ್ತಳತೆ ಒಂದಿಷ್ಟು ಕುಗ್ಗಿ ಅದು ಬೇರೆ ಚಕ್ರಗಳಿಗಿಂತ ಜೋರಾಗಿ ತಿರುಗುತ್ತದೆ, ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆಯ) ವೇಗದ ಸೆನ್ಸರ್ ಅದನ್ನು ಹಿಡಿಯುತ್ತದೆ. ಈ ಬಗೆಯದು ಪಿಎಸ್‌ಐ ಅಂಕಿ ತೋರಿಸುವುದಿಲ್ಲ. ನಾಲ್ಕೂ ಟೈರುಗಳಲ್ಲಿ ಒಂದೇ ಸಮ ಗಾಳಿ ಇಳಿದರೆ ಅದಕ್ಕೆ ಸುಲಭವಾಗಿ ಗೊತ್ತಾಗುವುದೂ ಇಲ್ಲ. ತಿಂಗಳುಗಟ್ಟಲೆ ಗಾಳಿ ನೋಡದ ಕಾರಿನಲ್ಲಿ ಆಗುವುದು ಹೆಚ್ಚಾಗಿ ಅದೇ. ಅಂಥ ಕಾರಿನವರು ಕೂಡ ಹೊರಗಿನ ಸೆಟ್ ಹಾಕಿಸಿಕೊಂಡರೆ ದಂಡವಲ್ಲ.

‘ಟಾಪ್ ವೇರಿಯಂಟಿನ ಕಂಪನಿ ಸೆನ್ಸರ್‌ಗಳನ್ನೇ ತಂದು ನನ್ನ ಕಾರಿಗೆ ಹಾಕಿಸಬಹುದಲ್ಲ?’ ಎಂದು ಬಹಳ ಜನ ಕೇಳುತ್ತಾರೆ. ಸೆನ್ಸರ್ ಸಿಗುತ್ತದೆ, ಕೂರುತ್ತದೆ. ಆದರೆ ಅದರ ಸಿಗ್ನಲ್ ಹಿಡಿಯುವ ರಿಸೀವರ್, ಅದನ್ನು ತೋರಿಸುವ ಮೀಟರ್, ಎರಡಕ್ಕೂ ಒಪ್ಪುವ ಕೋಡಿಂಗ್ ಇವೆಲ್ಲ ಬೇಕು. ವಾರಂಟಿ ಇರುವ ಕಾರಿನಲ್ಲಿ ಈ ರಗಳೆಗೆ ಕೈಹಾಕಬೇಡಿ ಅಂತ ನನ್ನ ಸಲಹೆ. ತನ್ನದೇ ಡಿಸ್‌ಪ್ಲೇ ಇರುವ, ಕಾರಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲದ ಸೆಟ್ ಸಾಕು.

ಹೆಜ್ಜೆ 2: ಒಳಗಿನದೋ ಹೊರಗಿನದೋ

ಹೊರಗಿನ ಸೆನ್ಸರ್ ಅಂದರೆ ವಾಲ್ವ್ ಕ್ಯಾಪ್ ಬಿಚ್ಚಿ ಅದರ ಜಾಗದಲ್ಲಿ ತಿರುಗಿಸಿ ಕೂರಿಸುವ ದಪ್ಪ ಕ್ಯಾಪು. ನಾಲ್ಕೂ ಚಕ್ರಕ್ಕೆ ಅರ್ಧ ಗಂಟೆಯೊಳಗೆ ನೀವೇ ಹಾಕಬಹುದು, ಬ್ಯಾಟರಿ ಸತ್ತರೆ ಬದಲಿಸಬಹುದು, ಕಾರು ಮಾರುವಾಗ ಬಿಚ್ಚಿಟ್ಟುಕೊಳ್ಳಬಹುದು. ಆದರೆ ಕಳವಾಗುತ್ತದೆ, ಫುಟ್‌ಪಾತಿನ ಕಲ್ಲಿಗೆ ತಗುಲುತ್ತದೆ, ಗಾಳಿ ಹಾಕಿಸುವಾಗೆಲ್ಲ ಬಿಚ್ಚಬೇಕು. ಇನ್ನೂ ಒಂದಿದೆ: ಇದು ವಾಲ್ವ್‌ನೊಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಅಂದರೆ ಟೈರಿನ ಗಾಳಿಯನ್ನು ತಡೆದಿರುವುದು ಆಮೇಲೆ ವಾಲ್ವ್ ಪಿನ್ ಅಲ್ಲ, ಸೆನ್ಸರ್ ಒಳಗಿನ ಪುಟ್ಟ ರಬ್ಬರ್ ವಾಷರ್. ಅದು ಒಣಗಿ ಬಿರಿದರೆ ಸೆನ್ಸರೇ ಪಂಕ್ಚರ್.

ಒಳಗಿನದು ವಾಲ್ವ್‌ಗೇ ಅಂಟಿಕೊಂಡು ರಿಮ್ ಮೇಲೆ, ಟೈರಿನೊಳಗೆ ಕೂರುತ್ತದೆ. ಕಳವಿಲ್ಲ, ಗಾಳಿ ಹಾಕಿಸುವುದು ಎಂದಿನಂತೆ, ಒಳಗಿನ ಗಾಳಿಯ ಉಷ್ಣಾಂಶವನ್ನೂ ನಂಬಬಹುದಾದ ಮಟ್ಟಿಗೆ ಹೇಳುತ್ತದೆ. ಹೊರಗಿನದು ತೋರಿಸುವ ಡಿಗ್ರಿ ಹೆಚ್ಚುಕಡಿಮೆ ಆ ಕ್ಯಾಪಿನದೇ ಬಿಸಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಒಳಗಿನದನ್ನು ಹಾಕಲು ಟೈರು ಬಿಚ್ಚಬೇಕು, ಬ್ಯಾಲೆನ್ಸಿಂಗ್ ಮಾಡಿಸಬೇಕು. ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬರುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಅಂಟು ಸುರಿದು ಮುಚ್ಚಿರುತ್ತಾರೆ, ಮುಗಿದರೆ ಸೆನ್ಸರೇ ಹೊಸದು. ಟ್ಯೂಬ್ ಇರುವ ಟೈರಿಗೆ ಒಳಗಿನದು ಆಗುವುದೇ ಇಲ್ಲ.

ಟೈರು ಬದಲಿಸುವ ಹೊತ್ತು ಹತ್ತಿರ ಬಂದಿದ್ದರೆ ಅದೇ ಹೊತ್ತಿಗೆ ಒಳಗಿನದನ್ನು ಹಾಕಿಸಿ, ಬಿಚ್ಚುವ ಖರ್ಚು ಹೇಗೂ ಇದ್ದೇ ಇದೆ. ಟೈರು ಇನ್ನೂ ಎರಡು ಮೂರು ವರ್ಷ ಓಡುವಂತಿದ್ದರೆ ಹೊರಗಿನದು ಸಾಕು.

ಹೆಜ್ಜೆ 3: ವಾಲ್ವ್

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ಕಾರುಗಳಲ್ಲಿರುವುದು ಕಪ್ಪು ರಬ್ಬರ್ ಮೈಯ ವಾಲ್ವ್. ಕ್ಯಾಪ್ ಬಿಚ್ಚಿ ಹೆಬ್ಬೆರಳಿನಿಂದ ಅದನ್ನು ಒಂದು ಪಕ್ಕಕ್ಕೆ ಮೆಲ್ಲಗೆ ಬಾಗಿಸಿ, ರಿಮ್ಮಿನ ತೂತಿನಿಂದ ಹೊರಬರುವ ಬುಡವನ್ನು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಾಲ್ಕೈದು ವರ್ಷದ ವಾಲ್ವ್ ಆಗಿದ್ದರೆ ಬುಡದ ಸುತ್ತ ಉಗುರಿನಲ್ಲಿ ಗೀರಿದಂಥ ಸಣ್ಣ ಬಿರುಕುಗಳು ಕಾಣುವುದುಂಟು. ನೇರ ನಿಂತಿದ್ದಾಗ ಮುಚ್ಚಿಕೊಂಡಿರುತ್ತವೆ, ಬಾಗಿಸಿದಾಗ ಬಾಯಿ ಬಿಡುತ್ತವೆ. ಅಂಥದ್ದಕ್ಕೆ ಹೊರಗಿನ ಸೆನ್ಸರ್ ಹಾಕಲೇಬಾರದು.

ಯಾಕೆಂದರೆ ಲೆಕ್ಕ ಹೀಗಿದೆ. ಹೊರಗಿನ ಒಂದು ಸೆನ್ಸರಿನ ತೂಕ ಹತ್ತು ಗ್ರಾಂ ಆಸುಪಾಸು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು ಹದಿನೈದು ಸುತ್ತು ಹಾಕುತ್ತದೆ. ಚಕ್ರದ ನಡುವಿನಿಂದ ಹದಿನೇಳು ಸೆಂಟಿಮೀಟರ್ ದೂರದಲ್ಲಿರುವ ಆ ಹತ್ತು ಗ್ರಾಂ ಆಗ ಒಂದೂವರೆ ಕಿಲೋ ಭಾರದ ಹಾಗೆ ಹೊರಕ್ಕೆ ಎಳೆಯುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇಡೀ ದಾರಿ ಹೀಗೆ ಬಾಗಿ ನಿಲ್ಲುವ ರಬ್ಬರಿಗೆ ವಯಸ್ಸಾಗಿದ್ದರೆ ಬುಡದಲ್ಲಿ ಸೀಳುತ್ತದೆ. ಆಗ ಆಗುವುದು ನಿಧಾನದ ಸೋರಿಕೆ ಅಲ್ಲ. ಎಚ್ಚರಿಸಲೆಂದು ಹಾಕಿದ್ದೇ ಟೈರು ಚಪ್ಪಟೆ ಮಾಡಿದಂತಾಗುತ್ತದೆ.

ಆದ್ದರಿಂದ ಹೊರಗಿನ ಸೆನ್ಸರ್ ಹಾಕುವವರು ಮೊದಲು ನಾಲ್ಕೂ ವಾಲ್ವ್‌ಗಳನ್ನು ಲೋಹದವಕ್ಕೆ, ಅಂದರೆ ಒಳಗೊಂದು ಹೊರಗೊಂದು ವಾಷರ್ ಕೂತು ನಟ್ ಬಿಗಿಯುವ ಬಗೆಗೆ, ಬದಲಿಸಿಕೊಳ್ಳುವುದು ಒಳ್ಳೆಯದು. ಹೇಗೂ ಅಷ್ಟಕ್ಕೆ ಟೈರಿನ ಒಂದು ಪಕ್ಕ ಬಿಡಿಸಲೇಬೇಕು, ಹಾಗಿದ್ದಮೇಲೆ ಒಳಗಿನ ಸೆನ್ಸರನ್ನೇ ಹಾಕಬಹುದಲ್ಲ ಅನ್ನುವ ಲೆಕ್ಕವೂ ಸರಿಯೇ. ಲೋಹದ ವಾಲ್ವ್ ಬೇಡವೆಂದರೆ ಕನಿಷ್ಠ ಹೊಸ ರಬ್ಬರ್ ವಾಲ್ವ್, ಅದೂ ಗಿಡ್ಡನೆಯದು ಹಾಕಿಸಿ. ಉದ್ದ ಹೆಚ್ಚಾದಷ್ಟೂ ಎಳೆತ ಹೆಚ್ಚು. ಉಕ್ಕಿನ ರಿಮ್ಮಿಗೆ ಪ್ಲಾಸ್ಟಿಕ್ ವೀಲ್ ಕವರ್ ಇದ್ದರೆ ಸೆನ್ಸರಿನ ದಪ್ಪ ಆ ಸಂದಿಯಲ್ಲಿ ಹಿಡಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆದುಕೊಳ್ಳಿ. ಕವರ್ ಸೆನ್ಸರಿಗೆ ಉಜ್ಜಿದರೆ ಎರಡರಲ್ಲಿ ಒಂದು ದಾರಿಯಲ್ಲೇ ಬಿದ್ದುಹೋಗುತ್ತದೆ.

ಹೆಜ್ಜೆ 4: ಸೆಟ್ ಕೊಳ್ಳುವಾಗ

433.92 ಮೆಗಾಹರ್ಟ್ಸ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಮತ್ತು ಯುರೋಪಿನಲ್ಲಿ ಬಳಕೆಯಲ್ಲಿರುವುದು ಅದು. ಅಮೆರಿಕದಲ್ಲಿ 315ರದ್ದೂ ಬಹಳ ಚಾಲ್ತಿಯಲ್ಲಿದೆ. ಅಲ್ಲಿಂದ ಬರುವ ಅಣ್ಣನ ಹತ್ತಿರವೋ ಮಗಳ ಹತ್ತಿರವೋ ಒಂದು ಬಿಡಿ ಸೆನ್ಸರ್ ತರಿಸಿದರೆ ಇಲ್ಲಿನ ಡಿಸ್‌ಪ್ಲೇಗೆ ಅದು ಕೇಳಿಸದೇ ಹೋಗಬಹುದು.

ಬಿಡಿ ಸೆನ್ಸರ್ ಒಂದೊಂದಾಗಿ ಸಿಗುವ ಸೆಟ್ ಆಗಿರಲಿ. ಒಂದು ಕಳೆದುಹೋದರೆ ನಾಲ್ಕನ್ನೂ ಕೊಳ್ಳುವ ಪಾಡು ಬೇಡ. ಹೊರಗಿನದಾದರೆ ಯಾವ ಬ್ಯಾಟರಿ ಎಂದು ನೋಡಿ. ಸಿಆರ್1632 ಥರದ, ಅಂಗಡಿಗಳಲ್ಲಿ ಸಿಗುವ ಬಿಲ್ಲೆ ಬ್ಯಾಟರಿ ಇದ್ದರೆ ನಿಶ್ಚಿಂತೆ. ಮೊಬೈಲಿಗೆ ಬ್ಲೂಟೂತಿನಲ್ಲಿ ತೋರಿಸುವ ಸೆಟ್‌ಗಳೂ ಇವೆ. ನನಗೆ ಅವು ಹಿಡಿಸುವುದಿಲ್ಲ. ಮ್ಯಾಪ್ ತೆರೆದಿರುವಾಗ, ಫೋನ್ ಬಂದಾಗ ಹಿಂದೆ ಮುಚ್ಚಿಹೋದ ಆ್ಯಪ್ ಕೂಗುತ್ತದೆಂದು ನಂಬಿ ಕೂರಲಾಗದು.

ಹೆಜ್ಜೆ 5: ಮೊದಲು ಗಾಳಿ ಸರಿಮಾಡಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಗೆ. ಮುಂದಿನ ಮತ್ತು ಹಿಂದಿನ ಟೈರಿಗೆ, ಖಾಲಿ ಕಾರಿಗೆ ಮತ್ತು ತುಂಬಿದ ಕಾರಿಗೆ ಎಷ್ಟೆಷ್ಟು ಎಂದು ಬರೆದಿರುತ್ತದೆ. ಬಾರ್ ಎಂಬ ಇನ್ನೊಂದು ಅಳತೆಯಲ್ಲಿ ಕೊಟ್ಟಿದ್ದರೆ 14.5ರಿಂದ ಗುಣಿಸಿ: 2.3 ಬಾರ್ ಅಂದರೆ 33 ಪಿಎಸ್‌ಐ ಚಿಲ್ಲರೆ. ಟೈರಿನ ಮೈಮೇಲೆ ಬರೆದಿರುವ ದೊಡ್ಡ ಪಿಎಸ್‌ಐ ಅಂಕಿ ಆ ಟೈರು ತಡೆಯುವ ಗರಿಷ್ಠ, ಅದನ್ನು ಹಾಕಿಸಬೇಡಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ ‘ಎಲ್ಲಾ ಕಾರಿಗೂ 35 ಹಾಕ್ತೀವಿ ಸಾರ್’ ಅಂದರೆ ಅದನ್ನೂ ಕೇಳಬೇಡಿ.

ಈ ಅಂಕಿಗಳೆಲ್ಲ ಟೈರು ತಣ್ಣಗಿರುವಾಗಿನವು: ಮೂರು ಗಂಟೆಯಾದರೂ ನಿಂತ ಕಾರು, ಬೆಳಗ್ಗೆ ಬಿಸಿಲು ತಾಗುವ ಮೊದಲು. ಸೆನ್ಸರ್ ಕೂರಿಸುವ ಹಿಂದಿನ ದಿನ ಸಂಜೆ ಒಂದೆರಡು ಪಿಎಸ್‌ಐ ಜಾಸ್ತಿಯೇ ಹಾಕಿಸಿ, ಬೆಳಗ್ಗೆ ಮನೆ ಮುಂದೆ ಒಳ್ಳೆಯ ಕೈ ಗೇಜಿನಲ್ಲಿ ಅಳೆದು ಹೆಚ್ಚಿದ್ದನ್ನು ಬಿಡಿ. ಆ ಗೇಜನ್ನು ಆಮೇಲೂ ಇಟ್ಟುಕೊಳ್ಳಿ, ಸೆನ್ಸರ್ ಬಂದಮೇಲೂ ಬೇಕಾಗುತ್ತದೆ.

ಹೆಜ್ಜೆ 6: ಹೊರಗಿನದನ್ನು ಕೂರಿಸುವುದು

ಸೆನ್ಸರ್ ಮೇಲೆ ಯಾವ ಚಕ್ರ ಎಂದು ಗುರುತು ಇರುತ್ತದೆ. ಎಡ, ಬಲ ಅನ್ನುವುದು ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುವಾಗಿನ ಎಡ, ಬಲ. ಕಾರಿನ ಎದುರು ನಿಂತು ಲೆಕ್ಕ ಹಾಕಿದರೆ ತಿರುಗಿಮುರುಗಿ ಆಗುತ್ತದೆ.

ವಾಲ್ವ್ ಬಾಯಿಯ ಮಣ್ಣು ಒರೆಸಿ. ಕಳವು ತಡೆಯುವ ತೆಳು ನಟ್ ಕೊಟ್ಟಿದ್ದರೆ ಅದನ್ನು ಮೊದಲು ವಾಲ್ವ್ ಮೇಲೆ ಪೂರ್ತಿ ಕೆಳಗಿಳಿಸಿ. ಆಮೇಲೆ ಸೆನ್ಸರನ್ನು ಬೆರಳಲ್ಲೇ ತಿರುಗಿಸಿ. ಪಿನ್ ಒತ್ತಿದ ಕ್ಷಣ ‘ಸುಸ್’ ಎಂದು ಗಾಳಿ ಬರುತ್ತದೆ, ಇನ್ನೊಂದು ಸುತ್ತಿಗೆ ನಿಲ್ಲಬೇಕು. ನಿಲ್ಲದಿದ್ದರೆ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಇಕ್ಕಳ ಹಾಕಿ ಬಿಗಿಯಬೇಡಿ, ವಾಷರ್ ಕತ್ತರಿಸುತ್ತದೆ. ಕೊನೆಗೆ ಕೆಳಗಿನ ನಟ್ಟನ್ನು ಸ್ಪ್ಯಾನರಿನಿಂದ ಮೇಲಕ್ಕೆ ತಂದು ಸೆನ್ಸರಿಗೆ ಒತ್ತಿ ನಿಲ್ಲಿಸಿ. ಆ ಪುಟ್ಟ ಸ್ಪ್ಯಾನರು ಗ್ಲೋವ್ ಬಾಕ್ಸಿನಲ್ಲೇ ಇರಲಿ, ಮನೆಯಲ್ಲಿ ಬಿಟ್ಟರೆ ದಾರಿಯಲ್ಲಿ ಗಾಳಿ ಹಾಕಿಸಲಾಗದು.

ಪಾತ್ರೆ ತೊಳೆಯುವ ಸೋಪಿನ ನೀರನ್ನು ವಾಲ್ವ್ ಬುಡಕ್ಕೂ ಸೆನ್ಸರ್ ಕುತ್ತಿಗೆಗೂ ಬಿಟ್ಟು ಒಂದು ನಿಮಿಷ ಕಾಯಿರಿ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದರೂ ಸೋರುತ್ತಿದೆ ಎಂದೇ ಅರ್ಥ.

ಹೆಜ್ಜೆ 7: ಒಳಗಿನದಾದರೆ ಟೈರ್ ಅಂಗಡಿಯಲ್ಲಿ

ಇದು ಅಂಗಡಿಯವರ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಿ. ಕೈಯಲ್ಲಿ ಹಾರೆ ಹಾಕಿ ಟೈರು ಬಿಚ್ಚುವ ಕಡೆ ಕೊಡಬೇಡಿ, ಮಷಿನ್ ಇರುವಲ್ಲೇ ಮಾಡಿಸಿ. ಕೆಲಸ ಶುರುವಾಗುವ ಮೊದಲೇ ‘ಅಣ್ಣ, ಒಳಗೆ ಸೆನ್ಸರ್ ಕೂರಿಸಬೇಕು, ವಾಲ್ವ್ ಹತ್ತಿರ ಜೋಪಾನ’ ಎಂದು ಹೇಳಿಬಿಡಿ.

ಹಳೆಯ ವಾಲ್ವನ್ನು ಕತ್ತರಿಸಿ ತೆಗೆದಮೇಲೆ ರಿಮ್ಮಿನ ತೂತಿನ ಅಂಚಿನಲ್ಲಿ ತುಕ್ಕೋ ಹಳೆಯ ರಬ್ಬರೋ ಅಂಟಿಕೊಂಡಿರುತ್ತದೆ. ಒರೆಸಿಸಿ. ಸೆನ್ಸರಿನ ಡಬ್ಬಿ ರಿಮ್ಮಿನ ಮೈಗೆ ಒರಗಿ ಕೂರಬೇಕು, ಟೈರಿನ ಅಂಚು ಬಂದು ಕೂರುವ ಜಾಗಕ್ಕಿಂತ ಮೇಲೆದ್ದು ನಿಲ್ಲಬಾರದು. ನಟ್ ಎಷ್ಟು ಬಿಗಿಯಬೇಕೆಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ. ಗಾಳಿ ಗನ್ನಿನಿಂದ ಹೊಡೆದರೆ ಅಲ್ಯೂಮಿನಿಯಂ ವಾಲ್ವ್‌ನ ತಿರುಪಿನ ಮರೆ (ಥ್ರೆಡ್) ಹಾಳಾಗುವುದು ಖಂಡಿತ.

ಸೆನ್ಸರ್ ಒಡೆಯುವುದು ಬಹುಮಟ್ಟಿಗೆ ಎರಡು ಕಡೆ. ಒಂದು, ಟೈರಿನ ಅಂಚನ್ನು ರಿಮ್ಮಿನಿಂದ ಒತ್ತಿ ಬಿಡಿಸುವಾಗ. ಮುಂದೆ ಯಾವತ್ತಾದರೂ ಬಿಚ್ಚಿಸುವಾಗ ಮಷಿನ್ನಿನ ಒತ್ತು ಹಲಗೆ ವಾಲ್ವ್‌ಗೆ ನೇರ ಎದುರು ಬದಿಯಲ್ಲಿರಲಿ. ಇನ್ನೊಂದು, ಟೈರನ್ನು ಮತ್ತೆ ಹತ್ತಿಸುವಾಗ ಅಂಚಿನ ಕೊನೆಯ ಬಿಗಿ ಭಾಗ ಒಳಬೀಳುವ ಹೊತ್ತು. ಆ ಜಾಗದಲ್ಲಿ ಸೆನ್ಸರ್ ಸಿಕ್ಕಿಕೊಂಡರೆ ಪ್ಲಾಸ್ಟಿಕ್ ಚಟ್ ಎನ್ನುತ್ತದೆ. ಬಿಗಿ ಬರುವಷ್ಟರಲ್ಲಿ ಸೆನ್ಸರ್ ಇರುವ ಭಾಗ ದಾಟಿಹೋಗಿರುವಂತೆ ಆರಂಭದಲ್ಲೇ ಚಕ್ರವನ್ನು ತಿರುಗಿಸಿ ನಿಲ್ಲಿಸಬೇಕು. ಅನುಭವಸ್ಥ ಕೈಗಳಿಗೆ ಇದು ಹೇಳಬೇಕಾಗಿಯೇ ಇಲ್ಲ.

ಸೆನ್ಸರಿನ ತೂಕ ಸೇರಿದ್ದರಿಂದ ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಆಗಲೇಬೇಕು. ಅಲೈನ್‌ಮೆಂಟ್ ಬೇಕಾಗಿಲ್ಲ, ಜತೆಗೇ ಮಾಡಿಬಿಡೋಣ ಅಂದರೆ ಬೇಡ ಅನ್ನಿ. ಅಲ್ಯೂಮಿನಿಯಂ ವಾಲ್ವ್‌ಗೆ ನಿಕಲ್ ಲೇಪದ ಪಿನ್ನು, ಪ್ಲಾಸ್ಟಿಕ್ ಕ್ಯಾಪು ಮಾತ್ರ. ಸಾದಾ ಹಿತ್ತಾಳೆಯದು ಹಾಕಿದರೆ ಮಳೆನೀರು ತಾಗಿ ಎರಡು ಲೋಹ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇನ್ನೂ ಬೇಗ. ಆಮೇಲೆ ಬಿಚ್ಚಲು ಹೋದರೆ ವಾಲ್ವ್ ತುದಿಯೇ ಮುರಿದು ಕೈಗೆ ಬರುತ್ತದೆ.

ಹೆಜ್ಜೆ 8: ಡಿಸ್‌ಪ್ಲೇ ಮತ್ತು ಎಚ್ಚರಿಕೆಯ ಮಿತಿ

ಡಿಸ್‌ಪ್ಲೇಯನ್ನು ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಬಾರದು. ಅದು ಬಿಚ್ಚಿಕೊಂಡರೆ ಈ ಡಬ್ಬಿ ಮುಖಕ್ಕೆ ಹಾರುತ್ತದೆ. ರಸ್ತೆಯ ನೋಟಕ್ಕೆ ಅಡ್ಡ ಬರುವಲ್ಲಿಯೂ ಬೇಡ. ಸೋಲಾರ್ ಬಗೆಯದರೊಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ರಾಯಚೂರು, ಕಲಬುರಗಿ ಕಡೆಯ ಮೇ ತಿಂಗಳ ಬಿಸಿಲಿಗೆ ಗಾಜಿನ ಕೆಳಗೆ ದಿನವಿಡೀ ಬೇಯಲು ಬಿಡಬೇಡಿ. ಅಂಥ ಊರಿನವರಿಗೆ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಬಗೆಯೇ ಮೇಲು.

ಸೆಟ್ಟಿನ ಜತೆ ಬಂದ ಸೆನ್ಸರ್‌ಗಳು ಸಾಮಾನ್ಯವಾಗಿ ಡಿಸ್‌ಪ್ಲೇಗೆ ಪರಿಚಯವಾಗಿಯೇ ಬರುತ್ತವೆ. ನಿಂತಲ್ಲಿ ಅಂಕಿ ಕಾಣದಿದ್ದರೆ ಗಾಬರಿ ಬೇಡ, ಬ್ಯಾಟರಿ ಉಳಿಸಲು ಅವು ಮಲಗಿರುತ್ತವೆ. ಒಂದೆರಡು ಕಿಲೋಮೀಟರ್ ಓಡಿಸಿದರೆ ಏಳುತ್ತವೆ. ಆಗಲೂ ಬರದಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ಆ ಚಕ್ರವನ್ನು ಆರಿಸಿ, ಬಟನ್ ಒತ್ತಿ ಹಿಡಿದು, ಟೈರಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಸೆನ್ಸರ್ ಕೂಡಲೇ ಸಿಗ್ನಲ್ ಕಳಿಸುತ್ತದೆ.

ಕಾರ್ಖಾನೆಯ ಮಿತಿಗಳನ್ನು ಹಾಗೇ ಬಿಡಬೇಡಿ. ಅಮೆರಿಕದ ನಿಯಮ ಶೇ 25 ಇಳಿದಾಗ ದೀಪ ಹೊತ್ತಬೇಕು ಅನ್ನುತ್ತದೆ, ಯುರೋಪಿನದು ಶೇ 20. ನಾನು ಇನ್ನೂ ಮೊದಲೇ ಕೂಗಲಿ ಅನ್ನುವವನು: 33 ಇರಬೇಕಾದ ಟೈರಿಗೆ ಕೆಳಗಿನ ಮಿತಿ 28. ಅದಕ್ಕಿಂತ ಮೇಲಿಟ್ಟರೆ ಡಿಸೆಂಬರಿನ ಬೆಳಗ್ಗೆ ಸುಮ್ಮನೆ ಕೂಗುತ್ತದೆ, ಯಾಕೆಂದರೆ ಉಷ್ಣಾಂಶ ಆರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮೇಲಿನ ಮಿತಿ 42 ಇರಲಿ. ಹೆದ್ದಾರಿಯಲ್ಲಿ ಟೈರು ಕಾದಾಗ ನಾಲ್ಕರಿಂದ ಆರು ಪಿಎಸ್‌ಐ ಏರುವುದು ಸಹಜ. ಅದನ್ನು ನೋಡಿ ದಾರಿಯಲ್ಲಿ ನಿಂತು ಗಾಳಿ ಬಿಟ್ಟರೆ ತಣ್ಣಗಾದಮೇಲೆ ನಿಮ್ಮ ಟೈರು 28ಕ್ಕೆ ಬಂದು ಕೂತಿರುತ್ತದೆ.

ಗೇಜಿಗೂ ಸೆನ್ಸರಿಗೂ ತಾಳೆಯಾಗದಿದ್ದರೆ

ಬೆಂಗಳೂರಿನಲ್ಲಿ ಕೈ ಗೇಜು 33 ಅನ್ನುತ್ತದೆ, ಡಿಸ್‌ಪ್ಲೇ 31.5 ಅನ್ನುತ್ತದೆ, ನಾಲ್ಕೂ ಚಕ್ರದಲ್ಲಿ ಇದೇ ವ್ಯತ್ಯಾಸ. ಸೆನ್ಸರ್ ಡಬ್ಬಾ ಎಂದು ವಾಪಸ್ ಕೊಡುವ ಮೊದಲು ಇದನ್ನು ಗಮನಿಸಿ. ಕೈ ಗೇಜು ತೋರಿಸುವುದು ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಟೈರಿನೊಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಹಲವು ಸೆನ್ಸರ್‌ಗಳು ಒಳಗಿನ ಪೂರ್ತಿ ಒತ್ತಡ ಅಳೆದು, ಅದರಿಂದ ಸಮುದ್ರಮಟ್ಟದ ವಾತಾವರಣದ ಒತ್ತಡವನ್ನು ಕಣ್ಣುಮುಚ್ಚಿ ಕಳೆಯುತ್ತವೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಇಲ್ಲಿನ ಹೊರಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಆ ಒಂದೂವರೆಯೇ ಈ ವ್ಯತ್ಯಾಸ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಮಂಗಳೂರಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ನಿಮ್ಮ ಊರಿನಲ್ಲಿ ಎಷ್ಟು ಬರುತ್ತದೆಂದು ಒಮ್ಮೆ ನೋಡಿಟ್ಟುಕೊಂಡು, ಗಾಳಿ ಹಾಕುವಾಗ ಗೇಜನ್ನು ನಂಬಿ. ಎಚ್ಚರಿಕೆಯ ಮಿತಿಯನ್ನು ಡಿಸ್‌ಪ್ಲೇಯ ಅಂಕಿಗೆ ತಕ್ಕಂತೆ ಒಂದು ಪಿಎಸ್‌ಐ ಇಳಿಸಿಕೊಳ್ಳಿ. ಒಂದೇ ಚಕ್ರ ಮಾತ್ರ ಬೇರೆ ಹೇಳುತ್ತಿದ್ದರೆ ಆ ಸೆನ್ಸರ್ ಮೇಲೆ ಅನುಮಾನ ಪಡಿ.

ಕೂಗಿದಾಗ ಏನು ಮಾಡಬೇಕು

ಒಂದು ಟೈರಿನ ಅಂಕಿ ಕಣ್ಣೆದುರೇ ಇಳಿಯುತ್ತಿದ್ದರೆ ಬ್ರೇಕ್ ಗಟ್ಟಿ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು, ಆ್ಯಕ್ಸಿಲರೇಟರ್ ಬಿಟ್ಟು, ವೇಗ ತಾನೇ ಇಳಿದಮೇಲೆ ಎಡಕ್ಕೆ ತಂದು ನಿಲ್ಲಿಸಿ. ಶಿರಾಡಿ ಘಾಟಿಯ ತಿರುವಿನಲ್ಲಾದರೆ ಅಲ್ಲೇ ನಿಲ್ಲುವುದಕ್ಕಿಂತ ಮೆಲ್ಲಗೆ ಅಗಲ ಜಾಗದವರೆಗೆ ಹೋಗುವುದು ಕ್ಷೇಮ, ರಿಮ್ ಹೋದರೂ ಚಿಂತೆಯಿಲ್ಲ. ಅಂಕಿ 28ರಲ್ಲೇ ನಿಂತಿದ್ದರೆ ಅವಸರವಿಲ್ಲ, ಮುಂದಿನ ಬಂಕಿನಲ್ಲಿ ಗಾಳಿ ತುಂಬಿಸಿ ಗಂಟೆಗೊಮ್ಮೆ ನೋಡುತ್ತಾ ಮುಂದುವರಿಯಬಹುದು.

ಪಂಕ್ಚರ್ ಅಂಗಡಿಯಲ್ಲಿ, ಒಳಗಿನ ಸೆನ್ಸರ್ ಇದ್ದು ಮೊಳೆ ವಾಲ್ವ್ ಸಾಲಿನಲ್ಲೇ ಚುಚ್ಚಿದ್ದರೆ, ದಾರ ತೂರಿಸುವ ದಬ್ಬಳವನ್ನು ಪೂರ್ತಿ ಒಳಗೆ ನೂಕದಂತೆ ಹೇಳಿ. ಟೈರಿನೊಳಗೆ ಸುರಿಯುವ ದ್ರವ ಸೀಲೆಂಟ್ ಬೇಡವೇ ಬೇಡ, ಸೆನ್ಸರಿನ ಸೂಜಿಮೊನೆಯಷ್ಟು ತೂತಿಗೆ ಅದು ಮೆತ್ತಿಕೊಂಡರೆ ಅಂಕಿ ಒಂದೇ ಕಡೆ ನಿಂತುಬಿಡುತ್ತದೆ. ಸ್ಟೆಪ್ನಿ ಹಾಕಿದಮೇಲೆ ಬಿಚ್ಚಿದ ಚಕ್ರದ ಸೆನ್ಸರ್ ಡಿಕ್ಕಿಯಿಂದಲೇ ಕೂಗುತ್ತಿರುತ್ತದೆ. ಹೊರಗಿನದಾದರೆ ಸ್ಟೆಪ್ನಿಗೆ ವರ್ಗಾಯಿಸಿ.

ಐದು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರು ಹಿಂದೆ ಮುಂದೆ ಬದಲಿಸಿದಾಗ ಡಿಸ್‌ಪ್ಲೇಯಲ್ಲೂ ಜಾಗ ಅದಲುಬದಲು ಮಾಡಿ, ಹೊರಗಿನವನ್ನು ಕೈಯಲ್ಲೇ ಅದಲುಬದಲು ಮಾಡಿದರಾಯಿತು. ಬಿಲ್ಲೆ ಬ್ಯಾಟರಿ ಒಂದೆರಡು ವರ್ಷಕ್ಕೆ ಮುಗಿಯುತ್ತದೆ, ಒಂದು ಮುಗಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಒಳಗಿನ ವಾಷರನ್ನೂ ಆಗಲೇ ಹೊಸದು ಹಾಕಿ. ಹಳೆಯ ಬಿಲ್ಲೆಗಳನ್ನು ಮಕ್ಕಳ ಕೈಗೆ ಸಿಗದಂತೆ ಕೂಡಲೇ ಎತ್ತಿಡಿ, ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ. ಒಳಗಿನ ಸೆನ್ಸರ್ ಇರುವವರು ಪ್ರತಿ ಸಲ ಟೈರು ಬಿಚ್ಚಿಸಿದಾಗಲೂ ವಾಲ್ವ್‌ನ ರಬ್ಬರ್ ವಾಷರ್, ನಟ್, ಪಿನ್ ಮೂರನ್ನೂ ಹೊಸದಾಗಿ ಹಾಕಿಸಿಕೊಳ್ಳಬೇಕು. ಅಂಗಡಿಯಲ್ಲಿ ಅವು ಇರುವುದು ಅಪರೂಪ, ಸೆಟ್ ಕೊಳ್ಳುವಾಗಲೇ ಒಂದು ಜತೆ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.